ಹೋರಿ ಹಬ್ಬದ ಮರುದಿನದ ಕಿವಿ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ಒಂದು ಕಾಲಕ್ಕೆ ನಾಗರಖಂಡ ಎಪ್ಪತ್ತು ಎಂಬ ನಾಡಿನ ಮುಖ್ಯ ಪಟ್ಟಣ. ಶಾಸನಗಳು ಅದನ್ನು ಬಾಂಧವಪುರ ಎಂದು ಕರೆಯುತ್ತವೆ. ಹತ್ತನೇ ಶತಮಾನದ ಆರಂಭದಲ್ಲಿ ಗಂಡ ತೀರಿಕೊಂಡ ಮೇಲೆ ನಾಳ್ಗಾವುಂಡಿಕೆಯನ್ನು, ಅಂದರೆ ನಾಡಿನ ಮುಖ್ಯಸ್ಥಿಕೆಯನ್ನು, ವಹಿಸಿಕೊಂಡು ನಾಡನ್ನು ಆಳಿದ ಜಕ್ಕಿಯಬ್ಬೆಯ ಶಾಸನ ಸಿಕ್ಕಿದ್ದು ಇಲ್ಲೇ. ಈಗ ಅಲ್ಲಿ ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ ಗುಡಿ, ಸುತ್ತ ಕಾಡು. ಪೇಟೆಯ ಗದ್ದಲ ಹೋಗಿ ಶತಮಾನಗಳೇ ಆದವು. ಇಂಥ ಜಾಗದಲ್ಲಿ ಗಾಳಿ ನಿಂತು ಜೀರುಂಡೆಯೂ ಸುಮ್ಮನಾದ ಹೊತ್ತಿಗೆ ಶಬ್ದದ ಮಟ್ಟ 30 ಡೆಸಿಬಲ್ಲಿನ ಆಸುಪಾಸಿಗೆ ಇಳಿಯುತ್ತದೆ. ಮನುಷ್ಯನ ಕಿವಿ ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡದ್ದು ಇಂಥ ನಿಶ್ಶಬ್ದದಲ್ಲಿ. ಒಣಗಿದ ಎಲೆಯ ಮೇಲೆ ಕಾಲಿಟ್ಟ ಪ್ರಾಣಿಯನ್ನು ಗುರುತಿಸುವುದು, ಕತ್ತಲಲ್ಲಿ ಮಗುವಿನ ಉಸಿರಾಟವನ್ನು ಆಲಿಸುವುದು ಅದರ ಕಸುಬು.

1960ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಕಿವಿ ತಜ್ಞ ಸ್ಯಾಮ್ಯುಯೆಲ್ ರೋಸೆನ್ ಆಗಿನ ಸುಡಾನಿನ ಮಬಾನ್ ಜನರ ನಡುವೆ ಹೋಗಿ ಅವರ ಕಿವಿಗಳನ್ನು ಪರೀಕ್ಷಿಸಿದರು. ಯಂತ್ರವಿಲ್ಲದ, ಬಂದೂಕಿಲ್ಲದ, ತೀರಾ ಸದ್ದಿಲ್ಲದ ಹಳ್ಳಿಗಳು ಅವು. ಅಲ್ಲಿನ ಎಪ್ಪತ್ತು ದಾಟಿದ ಮುದುಕರ ಕಿವಿಗಳು ಅದೇ ವಯಸ್ಸಿನ ಅಮೆರಿಕನ್ನರ ಕಿವಿಗಳಿಗಿಂತ ಬಹಳ ಚುರುಕಾಗಿದ್ದವು. ಆಹಾರ, ವಂಶವಾಹಿ, ಸರಿಯಾಗಿ ಗೊತ್ತಿಲ್ಲದ ವಯಸ್ಸು, ಇವೂ ಕಾರಣವಿರಬಹುದೆಂದು ಆಮೇಲಿನವರು ಆಕ್ಷೇಪ ಎತ್ತಿದರು. ಆ ಆಕ್ಷೇಪದಲ್ಲಿ ತೂಕವಿದೆ. ಆದರೂ ವಯಸ್ಸಾದರೆ ಕಿವಿ ಮಂದವಾಗಲೇಬೇಕು ಎಂಬ ನಂಬಿಕೆಯನ್ನು ಮೊದಲ ಬಾರಿಗೆ ಗಟ್ಟಿಯಾಗಿ ಅಲುಗಾಡಿಸಿದ ಅಧ್ಯಯನ ಅದು. ನಾವು ಮುಪ್ಪಿನ ತಲೆಗೆ ಕಟ್ಟುವ ದೋಷದಲ್ಲಿ ಒಂದು ಪಾಲು, ನಾವೇ ಬದುಕಿನುದ್ದಕ್ಕೂ ಕಿವಿಗೆ ಮಾಡಿದ ಗಾಯ.

ಹಳ್ಳಿಯ ಕಿವಿಗೆ ಪೇಟೆಯ ಕಿವಿಗಿರುವ ಅಪಾಯವಿಲ್ಲ ಎಂಬ ಸಮಾಧಾನ ಮಲೆನಾಡಿನ ಅಂಚಿನ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಇನ್ನೂ ಇದೆ. ಆ ಸಮಾಧಾನದ ಕಾಲ ಮುಗಿದಿದೆ. ಇಲ್ಲಿ ಇವತ್ತು ಹದಿನೈದರಿಂದ ಇಪ್ಪತ್ತೈದರ ನಡುವೆ ಇರುವವರಲ್ಲಿ ಹಲವರು ನಲವತ್ತೈದು ತುಂಬುವ ಮೊದಲೇ ತಮ್ಮ ಅಜ್ಜಂದಿರಿಗಿಂತ ಕೆಟ್ಟ ಕಿವಿಯೊಂದಿಗೆ ಬದುಕಬೇಕಾಗುತ್ತದೆ ಎಂದು ನಾನು ಹೇಳುತ್ತಿರುವುದು ಹೆದರಿಸಲಿಕ್ಕಲ್ಲ. ಕಿವಿಯ ರಚನೆ, ಶಬ್ದದ ಲೆಕ್ಕ, ಈ ಸೀಮೆಯಲ್ಲಿ ಬದಲಾಗಿರುವ ಹಬ್ಬ ಮತ್ತು ದುಡಿಮೆ, ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಬೇರೆ ತೀರ್ಮಾನಕ್ಕೆ ಬರುವುದು ಕಷ್ಟ.

ಮೊದಲು ರಚನೆ. ಗಾಳಿಯಲ್ಲಿ ಬಂದ ಒತ್ತಡದ ಅಲೆ ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿಯ ನಾಳದಲ್ಲಿ ಸಾಗಿ ತಮಟೆಗೆ ಬಡಿಯುತ್ತದೆ. ನಾಳದ ಉದ್ದವೇ ಹಾಗಿರುವುದರಿಂದ ಸುಮಾರು 3,000 ಹರ್ಟ್ಸ್ ಸುತ್ತಮುತ್ತಲಿನ ಸದ್ದು ಅಲ್ಲಿ ತಾನಾಗಿ ಹಿಗ್ಗುತ್ತದೆ. ಈ ಸಂಖ್ಯೆ ಮುಂದೆ ಬೇಕಾಗುತ್ತದೆ. ತಮಟೆಯ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳಿವೆ. ಕೊನೆಯ ರಿಕಾಪು ಮೂರು ಮಿಲಿಮೀಟರ್ ಇದ್ದರೆ ಹೆಚ್ಚು, ನಮ್ಮ ಮೈಯಲ್ಲಿರುವ ಅತಿ ಚಿಕ್ಕ ಮೂಳೆ. ಒಳಗಿವಿಯಲ್ಲಿರುವುದು ದ್ರವ. ಗಾಳಿಯ ಸದ್ದು ನೇರವಾಗಿ ದ್ರವಕ್ಕೆ ಬಡಿದರೆ ಸಾವಿರದಲ್ಲಿ 999 ಪಾಲು ಶಕ್ತಿ ಮರಳಿ ಹೋಗುತ್ತದೆ. ಅಗಲವಾದ ತಮಟೆಯ ಮೇಲೆ ಬಿದ್ದ ಒತ್ತಡವನ್ನು ರಿಕಾಪಿನ ಪುಟ್ಟ ಪಾದಕ್ಕೆ ಒಟ್ಟುಮಾಡಿ ಇಪ್ಪತ್ತು ಪಟ್ಟಿನಷ್ಟು ಹೆಚ್ಚಿಸುವ ಮೂಲಕ ಈ ಮೂಳೆಗಳು ಆ ನಷ್ಟವನ್ನು ತುಂಬಿಕೊಡುತ್ತವೆ.

ರಿಕಾಪು ತಳ್ಳುವ ಬಾಗಿಲ ಆಚೆ ಕಾಕ್ಲಿಯ ಇದೆ. ಶಂಖದಂತೆ ಎರಡೂವರೆ ಸುತ್ತು ಸುರುಳಿಯಾದ, ಬಿಚ್ಚಿದರೆ ಸುಮಾರು 35 ಮಿಲಿಮೀಟರ್ ಉದ್ದದ ನಳಿಗೆ. ಅದರೊಳಗೆ ಉದ್ದಕ್ಕೂ ಹಾಸಿದ ತಳಪೊರೆಯ ಮೇಲೆ ಸದ್ದಿನ ಅಲೆ ಸಾಗುತ್ತದೆ. ಕೀರಲು ಸದ್ದು ಬಾಗಿಲ ಹತ್ತಿರವೇ ಎದ್ದು ತಣಿಯುತ್ತದೆ, ಗಡಸು ಸದ್ದು ಸುರುಳಿಯ ತುದಿಯವರೆಗೆ ಹೋಗುತ್ತದೆ. ಯಾವ ಜಾಗ ಹೆಚ್ಚು ಅಲುಗಿತು ಎಂಬುದರಿಂದಲೇ ಮಿದುಳಿಗೆ ಯಾವ ಸ್ವರ ಎಂದು ತಿಳಿಯುತ್ತದೆ. ಇದನ್ನು ಕಣ್ಣಾರೆ ನೋಡಿದವರು ಹಂಗೇರಿಯ ಗೆಯಾರ್ಗ್ ಫಾನ್ ಬೇಕೆಶಿ. ಬುಡಾಪೆಸ್ಟಿನ ಟೆಲಿಫೋನ್ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಅವರು ಸತ್ತವರ ಕಿವಿಗಳನ್ನು ಬಿಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಪೊರೆಯ ಅಲೆಯನ್ನು ಅಳೆದರು. 1961ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ಬೇಕೆಶಿಯ ಅಳತೆಯಲ್ಲಿ ಒಂದು ಒಗಟು ಉಳಿದಿತ್ತು. ಸತ್ತ ಕಿವಿಯ ಪೊರೆ ಒಂದೊಂದು ಸ್ವರಕ್ಕೂ ಅಗಲವಾಗಿ, ಮೊಂಡಾಗಿ ಅಲುಗುತ್ತಿತ್ತು. ಬದುಕಿರುವ ಮನುಷ್ಯನೋ ಷಡ್ಜದಿಂದ ಕೂದಲೆಳೆಯಷ್ಟು ಜಾರಿದ ಶ್ರುತಿಯನ್ನೂ ಹಿಡಿಯಬಲ್ಲ. ಈ ಅಂತರ ಎಲ್ಲಿಂದ ಬಂತು? ಉತ್ತರದ ಮೊದಲ ಸುಳಿವು 1978ರಲ್ಲಿ ಸಿಕ್ಕಿತು. ಲಂಡನ್ನಿನಲ್ಲಿ ಡೇವಿಡ್ ಕೆಂಪ್ ಕಿವಿಯ ನಾಳದಲ್ಲಿ ಪುಟ್ಟ ಮೈಕು ಇಟ್ಟು ಕೇಳಿದಾಗ, ಆರೋಗ್ಯವಂತ ಕಿವಿ ತಾನೇ ಸಣ್ಣ ಸದ್ದು ಹೊರಡಿಸುವುದು ಗೊತ್ತಾಯಿತು. 1985ರಲ್ಲಿ ವಿಲಿಯಂ ಬ್ರೌನೆಲ್ ಮತ್ತು ಅವರ ಸಂಗಡಿಗರು, ಕಾಕ್ಲಿಯದ ಹೊರಸಾಲಿನ ರೋಮಕೋಶಗಳು ವಿದ್ಯುತ್ ತಾಗಿದರೆ ಹಿಗ್ಗಿ ಕುಗ್ಗುತ್ತವೆ ಎಂದು ತೋರಿಸಿದರು. 2000ದಲ್ಲಿ ಆ ಹಿಗ್ಗು ಕುಗ್ಗಿಗೆ ಕಾರಣವಾದ ಪ್ರೆಸ್ಟಿನ್ ಎಂಬ ಪ್ರೋಟೀನು ಸಿಕ್ಕಿತು. ಕಿವಿ ಬರೀ ಸದ್ದನ್ನು ಪಡೆದುಕೊಳ್ಳುವ ಅಂಗವಲ್ಲ. ಸಣ್ಣ ಸದ್ದು ಬಂದಾಗ ತಳಪೊರೆಯನ್ನು ತಾನೇ ಎತ್ತಿ ಕುಣಿಸುತ್ತದೆ, ನೂರಾರು ಪಟ್ಟು ಹಿಗ್ಗಿಸುತ್ತದೆ, ಬೇಕಾದ ಸ್ವರವನ್ನು ಬೇಡದ್ದರಿಂದ ಬೇರ್ಪಡಿಸುತ್ತದೆ. ಅದಕ್ಕೇ ತಮಟೆ ಪರಮಾಣುವಿನ ವ್ಯಾಸಕ್ಕಿಂತ ಕಡಿಮೆ ಅಲುಗಿದರೂ ನಮಗೆ ಸದ್ದು ಕೇಳುತ್ತದೆ. ಅತಿ ಮೆಲುವಿನಿಂದ ನೋವಾಗುವ ಸದ್ದಿನವರೆಗೆ ಶಕ್ತಿಯ ಅಂತರ ಲಕ್ಷ ಕೋಟಿ ಪಟ್ಟು. ಮನುಷ್ಯ ಮಾಡಿದ ಯಾವ ಮೈಕೂ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಕೆಲಸ ಮಾಡುವುದಿಲ್ಲ.

ಈ ಕೆಲಸಗಾರರ ಎಣಿಕೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಕಣ್ಣಿನಲ್ಲಿ ಬೆಳಕು ಗ್ರಹಿಸುವ ಕೋಶಗಳು ಹತ್ತು ಕೋಟಿಗೂ ಹೆಚ್ಚು. ಒಂದು ಕಿವಿಯಲ್ಲಿ ಸದ್ದನ್ನು ಹಿಗ್ಗಿಸುವ ಹೊರ ರೋಮಕೋಶಗಳು ಸುಮಾರು 12,000. ಸದ್ದನ್ನು ಮಿದುಳಿಗೆ ತಿಳಿಸುವ ಒಳ ರೋಮಕೋಶಗಳು 3,500 ಅಷ್ಟೇ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಈ ಎಣಿಕೆ ಮುಗಿದಿರುತ್ತದೆ. ಕೋಳಿಯ ಕಿವಿಯಲ್ಲಿ ಸತ್ತ ರೋಮಕೋಶದ ಜಾಗದಲ್ಲಿ ಹೊಸದು ಹುಟ್ಟುತ್ತದೆ ಎಂದು 1980ರ ದಶಕದಲ್ಲೇ ಗೊತ್ತಾಗಿದೆ. ಮನುಷ್ಯನ ಕಾಕ್ಲಿಯದಲ್ಲಿ ಹುಟ್ಟುವುದಿಲ್ಲ. ಹುಟ್ಟಿಸುವ ಔಷಧ ಇಂದಿನವರೆಗೆ ಬಂದಿಲ್ಲ.

ಪ್ರತಿ ರೋಮಕೋಶದ ನೆತ್ತಿಯಲ್ಲಿ ಎಳೆಗಳ ಒಂದು ಕಂತೆ, ಎಳೆಯಿಂದ ಎಳೆಗೆ ಇನ್ನೂ ಸಣ್ಣ ಕೊಂಡಿ. ಕಂತೆ ಒಂದು ಕಡೆ ವಾಲಿದಾಗ ಕೊಂಡಿ ಎಳೆದು ಬಾಗಿಲು ತೆರೆಯುತ್ತದೆ, ಪೊಟ್ಯಾಸಿಯಂ ಒಳನುಗ್ಗುತ್ತದೆ, ಸಂದೇಶ ಹೊರಡುತ್ತದೆ. ಹದವಾದ ಗಾಳಿಗೆ ಭತ್ತದ ಪೈರು ಬಾಗಿ ಮತ್ತೆ ನಿಲ್ಲುತ್ತದೆ. ಬಿರುಗಾಳಿ ಮಳೆ ಹೊಡೆದರೆ ಮಲಗಿಬಿಡುತ್ತದೆ. ಮಲಗಿದ್ದರಲ್ಲಿ ಒಂದಷ್ಟು ಎದ್ದೀತು, ಒಂದಷ್ಟು ಅಲ್ಲೇ ಕೊಳೆಯುತ್ತದೆ. ರೋಮಕೋಶದ ಮೇಲೆ ಅಬ್ಬರದ ಸದ್ದು ಮಾಡುವುದೂ ಇದನ್ನೇ. ಕೊಂಡಿಗಳು ಹರಿಯುತ್ತವೆ. ಕೋಶದೊಳಗೆ ವಿಷಕಾರಿ ಆಮ್ಲಜನಕದ ಕಣಗಳು ತುಂಬಿ, ಸದ್ದು ನಿಂತು ದಿನಗಳಾದ ಮೇಲೂ ಕೋಶ ಸಾಯುತ್ತಾ ಹೋಗುತ್ತದೆ. ಮೊದಲು ಸಾಯುವುದು ಹೊರ ರೋಮಕೋಶ, ಅಂದರೆ ಬದುಕಿರುವ ಕಿವಿಯನ್ನು ಸತ್ತ ಕಿವಿಯಿಂದ ಬೇರೆ ಮಾಡುವ ಅದೇ ಕೋಶ. ಮೊದಲು ಹಾಳಾಗುವ ಜಾಗ 4,000 ಹರ್ಟ್ಸಿನದು. ಕಿವಿಯ ನಾಳ 3,000 ಹರ್ಟ್ಸ್ ಬಳಿ ಸದ್ದನ್ನು ಹಿಗ್ಗಿಸುತ್ತದೆ, ಪೆಟ್ಟು ಅದಕ್ಕಿಂತ ಅರ್ಧ ಸ್ಥಾಯಿ ಮೇಲೆ ಬೀಳುತ್ತದೆ. ಆಡಿಯೋಗ್ರಾಂ ಎಂಬ ಶ್ರವಣ ಪರೀಕ್ಷೆಯ ಗೆರೆಯಲ್ಲಿ 4,000ದ ಬಳಿ ತಗ್ಗು ಕಂಡರೆ ತಜ್ಞರು ಮೊದಲು ಕೇಳುವ ಪ್ರಶ್ನೆ, ‘ನೀವು ಎಲ್ಲಿ ಕೆಲಸ ಮಾಡುತ್ತೀರಿ?’

ಕೆಲಸಕ್ಕೂ ಕಿವಿಗೂ ಇರುವ ನಂಟು ಹೊಸದಲ್ಲ. 18ನೇ ಶತಮಾನದ ಆರಂಭದಲ್ಲೇ ಇಟಲಿಯ ವೈದ್ಯ ಬರ್ನಾರ್ಡಿನೊ ರಮಝೀನಿ, ವೆನಿಸ್ಸಿನ ತಾಮ್ರದ ಪಾತ್ರೆ ಬಡಿಯುವ ಕಂಚುಗಾರರು ವಯಸ್ಸಾಗುತ್ತ ಪೂರ್ತಿ ಕಿವುಡರಾಗುವುದನ್ನು ಬರೆದಿಟ್ಟಿದ್ದಾರೆ. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್, ಬಾಯ್ಲರ್ ಕಟ್ಟುವ ನೂರು ಕಾರ್ಮಿಕರನ್ನು ಪರೀಕ್ಷಿಸಿದಾಗ ಸಹಜವಾಗಿ ಕೇಳುವ ಕಿವಿ ಒಬ್ಬರಿಗೂ ಇರಲಿಲ್ಲ. ನಮ್ಮಲ್ಲಿ ಈ ಪಾಠ ಕಾರ್ಖಾನೆಯ ಗೇಟಿನ ಹತ್ತಿರ ನಿಂತುಬಿಟ್ಟಿದೆ. ಕಾರ್ಖಾನೆ ಕಾನೂನು ಎಂಟು ಗಂಟೆಗೆ 90 ಡೆಸಿಬಲ್ ಮಿತಿ ಹಾಕುತ್ತದೆ. ಗೋವಿನಜೋಳದ ಕಣಕ್ಕೆ ಆ ಕಾನೂನು ಬರುವುದಿಲ್ಲ, ಅಡಿಕೆ ಸುಲಿಯುವ ಮನೆಯ ಅಂಗಳಕ್ಕೂ ಬರುವುದಿಲ್ಲ.

ಈ ಸೀಮೆಯ ಬೇಸಾಯ ಎರಡು ಮೂರು ದಶಕಗಳಲ್ಲಿ ಹೇಗೆ ಬದಲಾಯಿತೋ ಸದ್ದೂ ಹಾಗೇ ಬದಲಾಯಿತು. ಎತ್ತು ಹೋಗಿ ಟ್ರ್ಯಾಕ್ಟರ್, ಟಿಲ್ಲರ್ ಬಂತು. ಹಂತಿ ಕಟ್ಟಿ ತುಳಿಸುವುದು ಹೋಗಿ ಒಕ್ಕುವ ಮಿಷನ್ ಬಂತು. ಕತ್ತಿಯಿಂದ ಅಡಿಕೆ ಸುಲಿಯುವವರ ಸಾಲು ಹೋಗಿ ಸುಲಿಯುವ ಯಂತ್ರ ಬಂತು. ತೋಟದ ಕಳೆಗೆ ಹೆಗಲಿಗೆ ನೇತುಹಾಕಿಕೊಳ್ಳುವ ಕಟರ್ ಬಂತು. ಮೈ ಹಣ್ಣಾಗುವ ದುಡಿಮೆ ತಗ್ಗಿತು, ಅದನ್ನು ಯಾರೂ ಬೇಡ ಅನ್ನುವಂತಿಲ್ಲ. ಆದರೆ ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರು ಭಾರ ಎಳೆಯುವಾಗ ಚಾಲಕನ ಕಿವಿಗೆ 90ರಿಂದ 100 ಡೆಸಿಬಲ್ ತಲುಪುತ್ತದೆ. ಮರ ಕೊಯ್ಯುವ ಚೈನ್ ಗರಗಸ 105 ದಾಟುತ್ತದೆ. ಹೊರದೇಶಗಳಲ್ಲಿ ರೈತರನ್ನು ಪರೀಕ್ಷಿಸಿದವರಿಗೆ ಎಡಗಿವಿ ಬಲಗಿವಿಗಿಂತ ಹೆಚ್ಚು ಕೆಟ್ಟಿರುವುದು ಮತ್ತೆ ಮತ್ತೆ ಕಂಡಿದೆ. ಹಿಂದಿನ ನೇಗಿಲನ್ನು ನೋಡಲು ಬಲಕ್ಕೆ ತಿರುಗಿ ಕೂತಾಗ ಎಡಗಿವಿ ಎಂಜಿನ್ನಿಗೆ ಎದುರಾಗುತ್ತದೆ ಎಂಬುದು ಅದಕ್ಕೆ ಕೊಡುವ ವಿವರಣೆ. ನಮ್ಮ ಚಾಲಕರು ಕೂರುವುದೂ ಹಾಗೆಯೇ.

ನನಗೆ ಅತಿ ಹೆಚ್ಚು ಚಿಂತೆ ಇರುವುದು ಒಕ್ಕುವ ಮಿಷನ್ನಿನ ಹಿಂದೆ ಊರೂರು ಸುತ್ತುವ ಕೂಲಿಯವರ ಬಗ್ಗೆ. ಸುಗ್ಗಿ ಇರುವಷ್ಟು ದಿನ ಬೆಳಗಿನಿಂದ ರಾತ್ರಿಯವರೆಗೆ ಮಿಷನ್ನಿನ ಬಾಯಿಗೆ ತೆನೆ ಸುರಿಯುತ್ತಾರೆ. ಧೂಳಿಗೆ ಮೂಗಿಗೆ ಬಟ್ಟೆ ಕಟ್ಟುತ್ತಾರೆ. ಕಿವಿಗೆ ಏನೂ ಇಲ್ಲ, ಬಹಳವೆಂದರೆ ಒಂದು ಚೂರು ಹತ್ತಿ. ಹತ್ತಿ ತಡೆಯುವುದು ಏಳೆಂಟು ಡೆಸಿಬಲ್. ಅವರ ಕಿವಿಯನ್ನು ಎಣಿಸುವ ಇಲಾಖೆ ಯಾವುದೂ ಇಲ್ಲ.

ದುಡಿಮೆಯ ಸದ್ದಿನ ಮೇಲೆ ಈಗ ಹಬ್ಬದ ಸದ್ದು ಸೇರಿದೆ. ಶಿಕಾರಿಪುರ, ಸೊರಬ, ಪಕ್ಕದ ಹಿರೇಕೆರೂರು, ಹಾನಗಲ್ ಸೀಮೆಯಲ್ಲಿ ದೀಪಾವಳಿಯಿಂದ ಶುರುವಾಗುವ ಹೋರಿ ಬೆದರಿಸುವ ಹಬ್ಬ ಊರಿಂದ ಊರಿಗೆ ತಿಂಗಳುಗಟ್ಟಲೆ ನಡೆಯುತ್ತದೆ. ಮೈತುಂಬ ಜೂಲ, ಕೊರಳಿಗೆ ಕೊಬ್ಬರಿ, ಕೋಡಿಗೆ ಬಲೂನು ಕಟ್ಟಿಸಿಕೊಂಡ ಹೋರಿ ಅಖಾಡದಲ್ಲಿ ಬಾಣದಂತೆ ಹಾಯುವುದನ್ನು ನೋಡಿದವರಿಗೆ ಅದರ ಸೊಗಸು ಗೊತ್ತು. ಅದು ಈ ನಾಡಿನ ರೈತನ ಹೆಮ್ಮೆ, ನನಗೂ ಪ್ರೀತಿಯದು. ಹಬ್ಬದ ಮೇಲೆ ನನ್ನ ತಕರಾರಿಲ್ಲ. ನನ್ನ ತಕರಾರು ಅಖಾಡದ ಎರಡೂ ಬದಿ ಗೋಡೆಯಂತೆ ಎದ್ದಿರುವ ಡಿಜೆ ಪೆಟ್ಟಿಗೆಗಳ ಮೇಲೆ, ಜನರ ಕಾಲಡಿಯಲ್ಲೇ ಸಿಡಿಯುವ ಪಟಾಕಿಯ ಮೇಲೆ. ಗಣಪತಿ ಬಿಡುವ ಮೆರವಣಿಗೆಗೂ, ಮದುವೆ ದಿಬ್ಬಣಕ್ಕೂ ಅದೇ ಪೆಟ್ಟಿಗೆ ಬರುತ್ತದೆ. ಬಳ್ಳಿಗಾವಿಯ ಅಲ್ಲಮ ಮದ್ದಳೆ ನುಡಿಸುತ್ತಿದ್ದ ಎಂದು ಹೇಳುವ ಸೀಮೆ ಇದು. ಇಲ್ಲಿನ ಡೊಳ್ಳಿನ ದನಿಯೂ ಸಣ್ಣದಲ್ಲ. ಆದರೆ ಡೊಳ್ಳು ಬಡಿಯುವವನ ತೋಳಿಗೆ ದಣಿವಿದೆ, ಕುಣಿತದ ನಡುವೆ ಬಿಡುವಿದೆ. ಜನರೇಟರಿಗೆ ದಣಿವಿಲ್ಲ.

ಹೋರಿಯ ಕಿವಿಯ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮನುಷ್ಯನಿಗೆ ಕೇಳುವುದು 20,000 ಹರ್ಟ್ಸ್ ತನಕ. ದನಗಳಿಗೆ 35,000ದ ತನಕ ಕೇಳುತ್ತದೆ, ಕೀರಲು ಸದ್ದಿಗೆ ಅವು ನಮಗಿಂತ ಸೂಕ್ಷ್ಮ. ವರ್ಷವಿಡೀ ಮಗನಂತೆ ಸಾಕಿದ ಹೋರಿಯನ್ನು ಡಿಜೆಯ ಬಾಯಿಗೆ ಕಟ್ಟುವ ಮೊದಲು ಅದರ ಯಜಮಾನರು ಇದನ್ನು ಯೋಚಿಸಲಿ.

ಈಗ ಲೆಕ್ಕ. ಡೆಸಿಬಲ್ ಕೂಡಿಸುವ ಅಳತೆಯಲ್ಲ, ಗುಣಿಸುವ ಅಳತೆ. 3 ಡೆಸಿಬಲ್ ಏರಿದರೆ ಕಿವಿಗೆ ಬೀಳುವ ಶಕ್ತಿ ಇಮ್ಮಡಿ. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ದಿನಕ್ಕೆ 85 ಡೆಸಿಬಲ್ಲಿನಲ್ಲಿ 8 ಗಂಟೆಯನ್ನು ಮಿತಿ ಎನ್ನುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ. 100 ಡೆಸಿಬಲ್ಲಿಗೆ 15 ನಿಮಿಷ. 106ಕ್ಕೆ ನಾಲ್ಕು ನಿಮಿಷವೂ ಇಲ್ಲ. ದೊಡ್ಡ ಸ್ಪೀಕರ್ ಸಾಲಿನ ಮುಂದೆ ನಿಂತವರ ಕಿವಿಗೆ 100ರಿಂದ 110 ಡೆಸಿಬಲ್ ಬೀಳುವುದು ಎಲ್ಲೆಡೆ ಅಳೆದು ಕಂಡ ಸಂಗತಿ. 106 ಡೆಸಿಬಲ್ಲಿನ ಎದುರು ಎರಡು ಗಂಟೆ ಕುಣಿದ ಹುಡುಗ ಒಂದೇ ಸಂಜೆಯಲ್ಲಿ 32 ದಿನಗಳ ಪಾಲನ್ನು ಕಿವಿಗೆ ತುಂಬಿಕೊಂಡಂತೆ. ಹೋರಿ ಹಬ್ಬದ ಕಾಲದಲ್ಲಿ ವಾರಕ್ಕೊಂದು ಊರಿಗೆ ಹೋಗುವ ಹುಡುಗರಿದ್ದಾರೆ. ಹೋಗಿ ಬರುವ ಬಸ್ಸಿನಲ್ಲಿ ಎಂಜಿನ್ ಸದ್ದು ಮುಳುಗಿಸಲು ಇಯರ್‌ಫೋನ್ ವಾಲ್ಯೂಮ್ ಏರಿಸುತ್ತಾರೆ.

ಪಟಾಕಿಯದು ಬೇರೆ ಕತೆ. ಜೋರು ಸದ್ದು ಬಂದಾಗ ರಿಕಾಪಿಗೆ ಅಂಟಿದ ಪುಟ್ಟ ಸ್ನಾಯು ಬಿಗಿದುಕೊಂಡು ಮೂಳೆಯ ಅಲುಗಾಟವನ್ನು ತಗ್ಗಿಸುತ್ತದೆ. ಹುಟ್ಟಿನಿಂದಲೇ ಬಂದ ಈ ರಕ್ಷಣೆಗೆ ಸೆಕೆಂಡಿನ ಒಂದಷ್ಟು ಭಾಗ ಬೇಕು. ಪಟಾಕಿ ಅಷ್ಟು ಸಮಯ ಕೊಡುವುದಿಲ್ಲ. ಭಾರತದ ನಿಯಮ ಪಟಾಕಿಗೆ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮಿತಿ ಇಟ್ಟಿದೆ. ಒಂದು ಮೀಟರಿನಲ್ಲಿ ಅದೇ ಪಟಾಕಿಯ ಸದ್ದು 12 ಡೆಸಿಬಲ್ ಹೆಚ್ಚು, ಅಂದರೆ ಹದಿನಾರು ಪಟ್ಟು. ಅಂಥ ಒಂದೇ ಪೆಟ್ಟಿಗೆ ರೋಮಕೋಶಗಳ ಸಾಲು ತಳಪೊರೆಯಿಂದ ಕಿತ್ತುಬರಬಹುದು, ತಮಟೆ ಹರಿಯಬಹುದು.

ಸೊರಬ ತಾಲ್ಲೂಕಿನ ಜನಕ್ಕೆ ಮುನ್ಸೂಚನೆ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಇಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಅದನ್ನು ಕಾಡಿನ ಸಾವೆಂದು ಬಿಟ್ಟುಬಿಡದೆ, ಜನರ ಜ್ವರದ ಜೊತೆ ಜೋಡಿಸಿ ನೋಡಿದ್ದರಿಂದ ಹೊಸದೊಂದು ವೈರಸ್ ಸಿಕ್ಕಿತು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೊರಬದ ಹಳ್ಳಿಯೊಂದರ ಹೆಸರು ಉಳಿಯಿತು. ಇವತ್ತಿಗೂ ಕಾಡಿನಲ್ಲಿ ಮಂಗ ಸತ್ತರೆ ಆರೋಗ್ಯ ಇಲಾಖೆಗೆ ತಿಳಿಸುವುದು ಇಲ್ಲಿ ರೂಢಿ. ಕಿವಿಯ ಮಟ್ಟಿಗೆ ಸತ್ತ ಮಂಗ ಎಂದರೆ ಹಬ್ಬದ ಮರುದಿನದ ಆ ಗುಂಯ್ ಸದ್ದು. ‘ಏನೋ ಕಿವಿ ಗುಂಯ್ ಅಂತೈತಪ್ಪ, ನಾಳೆ ಸರಿ ಹೋಗ್ತೈತೆ ಬಿಡು’ ಎಂಬ ಮಾತು ಪ್ರತಿ ಅಖಾಡದ ಆಚೆ, ಪ್ರತಿ ಕಣದ ಆಚೆ ಕೇಳುತ್ತದೆ. ನಾಳೆ ಸರಿ ಹೋಗುವುದೂ ನಿಜ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಮಂಕು ಕಳೆಯುತ್ತದೆ, ಆಡಿಯೋಗ್ರಾಂ ಮಾಡಿಸಿದರೂ ಗೆರೆ ನೆಟ್ಟಗಿರುತ್ತದೆ.

ಆ ನೆಟ್ಟಗಿನ ಗೆರೆಯನ್ನು ನಂಬಬಾರದು ಎಂದು 2009ರಲ್ಲಿ ಗೊತ್ತಾಯಿತು. ಅಮೆರಿಕದ ಬಾಸ್ಟನ್ನಿನಲ್ಲಿ ಶೆರಾನ್ ಕುಜಾವ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಿಗೆ 100 ಡೆಸಿಬಲ್ಲಿನ ಸದ್ದನ್ನು ಎರಡು ಗಂಟೆ ಕೇಳಿಸಿದರು. ಕೆಲವೇ ವಾರಗಳಲ್ಲಿ ಶ್ರವಣ ಮೊದಲಿನ ಮಟ್ಟಕ್ಕೆ ಮರಳಿತು. ರೋಮಕೋಶಗಳೂ ಇದ್ದವು. ಆದರೆ ಒಳ ರೋಮಕೋಶಕ್ಕೂ ನರಕ್ಕೂ ನಡುವಿನ ಸಂಧಿಗಳಲ್ಲಿ ಕಾಕ್ಲಿಯದ ಕೆಲವು ಭಾಗದಲ್ಲಿ ಅರ್ಧದಷ್ಟು ನಾಶವಾಗಿದ್ದವು, ಮರಳಿ ಬರಲೇ ಇಲ್ಲ. ಸಂಧಿ ಕಳೆದುಕೊಂಡ ನರಗಳು ತಿಂಗಳುಗಳು, ವರ್ಷಗಳ ಮೇಲೆ ಒಂದೊಂದಾಗಿ ಸತ್ತವು. ಮೆಲು ಸದ್ದು ಕೇಳಲು ಕೆಲವೇ ನರ ಸಾಕು, ಅದಕ್ಕೇ ಪರೀಕ್ಷೆಯ ಕೊಠಡಿಯ ನಿಶ್ಶಬ್ದದಲ್ಲಿ ಅಂಕ ಪೂರ್ತಿ ಬರುತ್ತದೆ. ಸಂತೆಯ ಗದ್ದಲದಲ್ಲಿ ಒಂದೇ ದನಿಯನ್ನು ಬೇರ್ಪಡಿಸಿ ಹಿಡಿಯಲು ಎಲ್ಲ ನರಗಳೂ ಬೇಕು. ಮನುಷ್ಯರ ಯುವ ಕಿವಿಗಳಲ್ಲಿ ಇದನ್ನು ಬದುಕಿರುವಾಗಲೇ ಅಳೆಯುವುದು ಕಷ್ಟ. ಇದುವರೆಗಿನ ಫಲಿತಾಂಶಗಳು ಎರಡೂ ಕಡೆ ಇವೆ. ಆದರೆ ತೀರಿಕೊಂಡವರ ಕಾಕ್ಲಿಯಗಳನ್ನು ಪರೀಕ್ಷಿಸಿದಾಗ, ರೋಮಕೋಶ ಸಾಯುವ ಮೊದಲೇ ಅದರ ಸಂಧಿಗಳು ವಯಸ್ಸಿನ ಜೊತೆ ಭಾರೀ ಪ್ರಮಾಣದಲ್ಲಿ ಕಳೆದುಹೋಗಿರುವುದು ಕಂಡಿದೆ. ಪೂರ್ತಿ ಖಾತ್ರಿಯಾಗಲಿ ಎಂದು ಕಾಯುವವರು ಒಂದು ತಲೆಮಾರಿನ ಕಿವಿಯನ್ನು ಪಣಕ್ಕಿಟ್ಟು ಕಾಯುತ್ತಿದ್ದಾರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿಯದು. ಸದ್ದಿನಿಂದಾಗುವ ಮಂದತನ ಕೊನೆಯ ವರ್ಷಗಳಲ್ಲಿ ಬರುವುದಲ್ಲ. 4,000 ಹರ್ಟ್ಸಿನ ನಷ್ಟ ಅತಿ ವೇಗವಾಗಿ ಬೆಳೆಯುವುದು ಸದ್ದಿಗೆ ಒಡ್ಡಿಕೊಂಡ ಮೊದಲ ಹತ್ತು ಹದಿನೈದು ವರ್ಷಗಳಲ್ಲಿ. ಹದಿನೆಂಟಕ್ಕೆ ಮಿಷನ್ ಹಿಂದೆ ಹೊರಟವನ ಕಿವಿಯ ಹಣೆಬರಹ ಮೂವತ್ತಕ್ಕೆ ಹೆಚ್ಚುಕಡಿಮೆ ಬರೆದಾಗಿರುತ್ತದೆ. ಅವನಿಗೆ ಗೊತ್ತಾಗುವುದು ಮಾತ್ರ ಮುಪ್ಪಿನ ನಷ್ಟವೂ ಸೇರಿಕೊಂಡಾಗ, ನಲವತ್ತೈದು ಐವತ್ತಕ್ಕೆ.

ಗೊತ್ತಾಗುವ ಬಗೆಯಾದರೂ ಎಂಥದ್ದು? ಮೊದಲು ಹೋಗುವುದು ಮಳೆಗಾಲದ ಜೀರುಂಡೆಯ ದನಿ. ಹುಳುಗಳೇ ಕಡಿಮೆಯಾದವು ಎಂದುಕೊಳ್ಳುತ್ತಾರೆ. ಆಮೇಲೆ ಮಾತು. ಅ, ಆ, ಒ, ಓ ಮುಂತಾದ ಸ್ವರಗಳ ಶಕ್ತಿ ಇರುವುದು ಕೆಳಗಿನ ಹರ್ಟ್ಸುಗಳಲ್ಲಿ. ಅವು ಚೆನ್ನಾಗಿ ಕೇಳುತ್ತವೆ. ಸ, ಶ, ಚ, ತ, ಕ, ಪ ಇವನ್ನು ಒಂದರಿಂದ ಒಂದು ಬೇರೆ ಮಾಡುವ ಗುರುತುಗಳು 2,000ದಿಂದ 6,000 ಹರ್ಟ್ಸಿನಲ್ಲಿವೆ, ಅಂದರೆ ಗಾಯವಾದ ಜಾಗದಲ್ಲೇ. ಕಾಯಿಯೋ ತಾಯಿಯೋ, ಕಟ್ಟು ಅಂದರೋ ತಟ್ಟು ಅಂದರೋ, ಸುತ್ತಲಿನವರ ಮುಖ ನೋಡಿ ಊಹಿಸಬೇಕು. ‘ನೀವು ಮಾತಾಡೋದು ಕೇಳ್ತದೆ, ಏನಂದ್ರಿ ಅಂತ ತಿಳಿಯಲ್ಲ’ ಎನ್ನುವುದು ಈ ನಷ್ಟದ ತಪ್ಪದ ಲಕ್ಷಣ. ಮನೆಯವರು ಜೋರಾಗಿ ಕೂಗುತ್ತಾರೆ. ಕೂಗಿದರೆ ಸ್ವರ ದೊಡ್ಡದಾಗುತ್ತದೆ, ವ್ಯಂಜನ ಅಲ್ಲೇ ಇರುತ್ತದೆ. ಆಮೇಲೆ ಆ ಮನುಷ್ಯ ಕಟ್ಟೆಗೆ ಹೋಗುವುದನ್ನು ಬಿಡುತ್ತಾನೆ, ಮದುವೆ ಮನೆಯಲ್ಲಿ ಮೂಲೆ ಹಿಡಿಯುತ್ತಾನೆ. ಲ್ಯಾನ್ಸೆಟ್ ಆಯೋಗದ 2024ರ ವರದಿ ತಡೆಯಬಹುದಾದ ಮರೆಗುಳಿತನದ ಕಾರಣಗಳಲ್ಲಿ ಶ್ರವಣನಷ್ಟಕ್ಕೆ ದೊಡ್ಡ ಜಾಗ ಕೊಟ್ಟಿದೆ. ಕಿವಿಯ ಸಾಧನ ಹಾಕಿಸಿದರಾಯಿತಲ್ಲ ಎನ್ನಬಹುದು. ಸಾಧನ ಸದ್ದನ್ನು ದೊಡ್ಡದು ಮಾಡುತ್ತದೆ, ಬಹಳ ಜನರ ಬದುಕು ಅದರಿಂದ ಸುಧಾರಿಸಿದೆ. ಆದರೆ ಸತ್ತ ನರದ ಜಾಗದಲ್ಲಿ ಅದು ಏನನ್ನೂ ಕೇಳಿಸಲಾರದು.

ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ 2050ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 250 ಕೋಟಿ ಜನರಿಗೆ ಒಂದಲ್ಲ ಒಂದು ಮಟ್ಟದ ಶ್ರವಣನಷ್ಟ ಇರುತ್ತದೆ, 70 ಕೋಟಿ ಜನರಿಗೆ ಚಿಕಿತ್ಸೆ ಅಥವಾ ಸಾಧನ ಬೇಕಾಗುತ್ತದೆ. ತಪ್ಪಿಸಬಹುದಾದ ಅಪಾಯದಲ್ಲಿರುವ ಯುವಜನರ ಸಂಖ್ಯೆಯೇ 100 ಕೋಟಿ ಮೀರುತ್ತದೆ. ಭಾರತದಲ್ಲಿ ಗಣನೀಯ ಶ್ರವಣದೋಷ ಇರುವವರು 6.3 ಕೋಟಿ ಎಂಬುದು ಸರ್ಕಾರದ ಕಿವುಡುತನ ತಡೆ ಕಾರ್ಯಕ್ರಮವೇ ಬಳಸುವ ಅಂದಾಜು. 1965ರಲ್ಲೇ ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಹುಟ್ಟಿದ ರಾಜ್ಯ ನಮ್ಮದು. ಇಷ್ಟು ಹಳೆಯ ವಿದ್ಯೆ ಕೈಯಲ್ಲಿರುವಾಗ ನಾವು ಹಿಂದೆ ಬೀಳಬಾರದು.

ಕಾನೂನು ಇಲ್ಲವೆಂದಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಗೊತ್ತು ಮಾಡಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು. ವರ್ಷದಲ್ಲಿ ಹೆಚ್ಚೆಂದರೆ 15 ದಿನ ಸರ್ಕಾರ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು. ಸಾರ್ವಜನಿಕ ಜಾಗದ ಗಡಿಯಲ್ಲಿ ಧ್ವನಿವರ್ಧಕದ ಸದ್ದು 75 ಡೆಸಿಬಲ್ ಮೀರುವಂತಿಲ್ಲ. 2005ರ ಜುಲೈ 18ರಂದು ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಬಿಗಿ ಮಾಡಿತು. ಕ್ರಮ ಕೈಗೊಳ್ಳುವ ಅಧಿಕಾರ ಜಿಲ್ಲಾಧಿಕಾರಿಗೂ, ಅದಕ್ಕೆಂದು ಗೊತ್ತುಮಾಡಿದ ಡಿವೈಎಸ್‌ಪಿ ದರ್ಜೆಯ ಅಧಿಕಾರಿಗೂ ಇದೆ. ಆದರೆ ಆ ನಿಯಮ ಬರೆದಿರುವುದು ನಿದ್ದೆಗೆಡುವ ನೆರೆಯವನಿಗಾಗಿ. ಸ್ಪೀಕರಿನ ಎದುರು ಖುಷಿಯಿಂದ ಕುಣಿಯುವ ಹುಡುಗನ ಕಿವಿಯನ್ನು ಅದು ಅಳೆಯುವುದಿಲ್ಲ. ಅವನಿಗಾಗಿ ಇರುವುದು ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾನದಂಡ: ಯಾವ ಸಂಗೀತದ ಜಾಗದಲ್ಲೂ ಕಾಲು ಗಂಟೆಯ ಸರಾಸರಿ 100 ಡೆಸಿಬಲ್ ಮೀರಬಾರದು, ಸದ್ದನ್ನು ಅಳೆಯುತ್ತಿರಬೇಕು, ಕಿವಿಗೆ ಬಿಡುವು ಕೊಡಲು ಸದ್ದಿಲ್ಲದ ಜಾಗವಿರಬೇಕು.

ಹೋರಿ ಹಬ್ಬದ ಕಮಿಟಿಗಳು ಇದನ್ನು ಈ ದೀಪಾವಳಿಯಿಂದಲೇ ಮಾಡಬಹುದು. ಡಿಜೆಯವರ ಜೊತೆ ಮಾತು ಮುಗಿಸುವಾಗಲೇ ಮಿತಿಯನ್ನೂ ಮಾತಾಡಲಿ. ಪೆಟ್ಟಿಗೆಯನ್ನು ನೆಲದ ಮೇಲಿಂದ ಎತ್ತರಕ್ಕೆ ಕಟ್ಟಿಸಿ, ಅದರ ಮುಂದೆ ಹಗ್ಗ ಹಾಕಲಿ. ಬಯಲಿನಲ್ಲಿ ಒಂಟಿ ಪೆಟ್ಟಿಗೆಯ ಸದ್ದು ದೂರ ಇಮ್ಮಡಿಯಾದಂತೆ 6 ಡೆಸಿಬಲ್ ಇಳಿಯುತ್ತದೆ. ಎರಡು ಮೀಟರಿನಲ್ಲಿ ನಿಂತವನನ್ನು ಹದಿನಾರು ಮೀಟರಿಗೆ ಸರಿಸಿದರೆ 18 ಡೆಸಿಬಲ್ ಕಡಿಮೆ, ಅವನ ಕಿವಿ ತಾಳಿಕೊಳ್ಳುವ ಸಮಯ 64 ಪಟ್ಟು ಹೆಚ್ಚು. ಪೆಟ್ಟಿಗೆಗಳ ಸಾಲು ಉದ್ದವಾದಷ್ಟೂ ಈ ಇಳಿಕೆ ಕಡಿಮೆ, ಅದಕ್ಕೇ ಗೋಡೆಯಂತೆ ಜೋಡಿಸುವುದನ್ನು ಮೊದಲು ನಿಲ್ಲಿಸಬೇಕು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪೆಟ್ಟಿಗೆಯ ಹತ್ತಿರ ನಿಲ್ಲುವ ಅಪ್ಪಂದಿರನ್ನು ಹಿಂದೆ ಕಳಿಸಲಿ. ಮೈಕಿನಲ್ಲಿ ಹೋರಿಯ ಹೆಸರು ಕೂಗುವವರೇ ಈ ಮಾತನ್ನೂ ನಡುನಡುವೆ ಹೇಳಿದರೆ ಯಾವ ಅಧಿಕಾರಿಯ ಭಾಷಣಕ್ಕಿಂತ ಹೆಚ್ಚು ಕೆಲಸವಾದೀತು.

ಒಕ್ಕುವ ಮಿಷನ್, ಸುಲಿಯುವ ಮಿಷನ್ ಇಟ್ಟಿರುವ ಮಾಲೀಕರು ಪ್ರತಿ ಆಳಿಗೆ ಸ್ಪಂಜಿನ ಕಿವಿಬಿರಡೆ ಕೊಡಬೇಕು. ಒಂದು ಹೊತ್ತಿನ ಚಹಾದ ಖರ್ಚು ಅದು. ಬೆರಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲೆ ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಹಿಗ್ಗುವವರೆಗೆ ಹಿಡಿದಿರಬೇಕು. ಸುಮ್ಮನೆ ಕಿವಿಯ ಬಾಯಿಗೆ ತುರುಕಿದರೆ ಹತ್ತಿಗಿಂತ ಹೆಚ್ಚೇನೂ ಆಗುವುದಿಲ್ಲ. ಪದವಿಪೂರ್ವ ಕಾಲೇಜಿಗೆ ಸೇರುವ ಪ್ರತಿ ವಿದ್ಯಾರ್ಥಿಯ ಕಿವಿ ಪರೀಕ್ಷೆ ಈ ಎರಡೂ ತಾಲ್ಲೂಕುಗಳಲ್ಲಿ ಒಮ್ಮೆ ಆಗಲಿ. ಕೆಂಪ್ ಕಂಡುಕೊಂಡ ಆ ಸಣ್ಣ ಸದ್ದನ್ನು ಅಳೆಯುವ ಯಂತ್ರದಿಂದ ಹೆರಿಗೆ ಆಸ್ಪತ್ರೆಗಳಲ್ಲಿ ಹಸುಗೂಸಿನ ಕಿವಿ ನೋಡುತ್ತಾರೆ. ಅದೇ ಯಂತ್ರ ಹದಿನೇಳರ ಹುಡುಗಿಯ ಹೊರ ರೋಮಕೋಶಗಳು ಹೇಗಿವೆ ಎಂದೂ ಕೆಲವೇ ನಿಮಿಷಗಳಲ್ಲಿ ಹೇಳುತ್ತದೆ, ಆಡಿಯೋಗ್ರಾಂ ಗೆರೆ ಕುಸಿಯುವ ಮೊದಲೇ.

ಪಟಾಕಿ ಕಿವಿಯ ಬಳಿ ಸಿಡಿದು, ಅಥವಾ ರಾತ್ರಿಯೆಲ್ಲ ಡಿಜೆ ಕೇಳಿ, ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, ಎರಡು ದಿನ ಕಳೆದರೂ ಗುಂಯ್ ನಿಲ್ಲದಿದ್ದರೆ ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ. ತಮಟೆ ಹರಿದಿದ್ದರೆ ಎಣ್ಣೆ ಒಳಗೆ ಇಳಿದು ಸೋಂಕು ತರುತ್ತದೆ. ಕಿವಿ ಮೂಗು ಗಂಟಲು ವೈದ್ಯರ ಬಳಿಗೆ ಆ ವಾರದೊಳಗೇ ಹೋಗಿ. ದಿಢೀರ್ ಶ್ರವಣನಷ್ಟಕ್ಕೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರದಲ್ಲಿ ಆರಂಭವಾದರೆ ಉಪಯೋಗವಾಗುವ ಸಾಧ್ಯತೆ ಹೆಚ್ಚು. ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಕಾದರೆ ಆ ಎರಡು ವಾರ ಕಳೆದುಹೋಗಿರುತ್ತದೆ.